ಬಾದಾಮಿಯನ್ನು ಬಿಟ್ಟುಕೊಟ್ಟ ಸುಲ್ತಾನರು

ಶಿರೂರಿನ ನಮಗೆ ಬಾದಾಮಿ ದೂರವಲ್ಲ. ಕೋಟೆ ಹತ್ತಿದಾಗ ಚಾಲುಕ್ಯರನ್ನಷ್ಟೇ ನೆನೆಯುತ್ತೇವೆ. 1786ರಲ್ಲಿ ಮರಾಠರು ಮತ್ತು ನಿಜಾಮರ ಸೇನೆ ಈ ಕೋಟೆಯನ್ನು ಟಿಪ್ಪು ಸುಲ್ತಾನರಿಂದ ಕಿತ್ತುಕೊಂಡಿತು. ಮುಂದಿನ ಕಾಳಗಗಳಲ್ಲಿ ಸುಲ್ತಾನರ ಕೈ ಮೇಲಾಯಿತು. ಆದರೂ 1787ರ ಗಜೇಂದ್ರಗಡ ಒಪ್ಪಂದದಲ್ಲಿ ಅವರು ಬಾದಾಮಿ, ನರಗುಂದ, ಕಿತ್ತೂರುಗಳನ್ನು ಮರಾಠರಿಗೇ ಬಿಟ್ಟರು, ಕಪ್ಪ ಕೊಡಲೂ ಒಪ್ಪಿದರು. ಗೆಲ್ಲುತ್ತಿದ್ದವರು ಸೋತವರ ಷರತ್ತಿಗೆ ಒಪ್ಪಿದ್ದೇಕೆ? ಬೆನ್ನ ಹಿಂದೆ ಮರಾಠರ ಹಗೆ ಇಟ್ಟುಕೊಂಡು ಇಂಗ್ಲಿಷರನ್ನು ಎದುರಿಸಲಾಗದು ಎಂಬ ಲೆಕ್ಕವೇ ಕಾರಣವೆಂದು ನಮಗೆ ತೋರುತ್ತದೆ.

ಲೆಕ್ಕ ತಪ್ಪಿತು. 1790ರಲ್ಲಿ ಪುಣೆ, ಹೈದರಾಬಾದ್ ಎರಡೂ ಕಂಪನಿಯ ಕಡೆ ಸೇರಿದವು. 1792ರಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು. ಬಳಿಕ ಸುಲ್ತಾನರು ಕಾಬೂಲಿನ ಜಮಾನ್ ಷಾ, ಮಾರಿಷಸ್‌ನ ಫ್ರೆಂಚರ ನೆರವು ಬೇಡಿದರು. ಷಾ ಲಾಹೋರಿನಿಂದಲೇ ಹಿಂದಿರುಗಿದ. ಫ್ರೆಂಚರು ಬಂದದ್ದು ನೂರರ ಆಸುಪಾಸು.

ಬಾದಾಮಿಯೂ ಮರಾಠರಿಗೆ ಉಳಿಯಲಿಲ್ಲ. 1818ರಲ್ಲಿ ಮನ್ರೋ ಅದನ್ನು ಕಂಪನಿಗೆ ಗೆದ್ದುಕೊಟ್ಟ.