ಸಿಂಗಾಪುರ ಸುತ್ತಿದ ಗೆಳೆಯರ ಜೋಡಿ

1978ರಲ್ಲಿ ತೆರೆಕಂಡ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ ವಿದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರ. ನಿರ್ಮಾಪಕ ದ್ವಾರಕೀಶ್, ನಿರ್ದೇಶಕ ಸಿ.ವಿ. ರಾಜೇಂದ್ರನ್, ಸಂಗೀತ ರಾಜನ್–ನಾಗೇಂದ್ರ. ಹಿಂದಿನ ವರ್ಷ ‘ಕಿಟ್ಟು ಪುಟ್ಟು’ ಕೊಟ್ಟ ತಂಡವೇ ಇದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯಂಥ ಊರುಗಳ ಹೆಚ್ಚಿನವರಿಗೆ ವಿಮಾನವೆಂದರೆ ತಲೆಯೆತ್ತಿ ನೋಡುವ ವಸ್ತುವಾಗಿದ್ದ ಕಾಲ ಅದು. ಸಿನಿಮಾ ಟಿಕೆಟ್ಟಿನ ದುಡ್ಡಿಗೇ ಸಿಂಗಾಪುರ ಸಿಕ್ಕಿತು. ಪರದೇಶದ ಆ ಬೆರಗು ಈಗ ಅಷ್ಟಿಲ್ಲ, ಆದರೆ ಚಿತ್ರ ಉಳಿದಿದೆ. ತೆರೆಯ ಮೇಲೆ ಎತ್ತರದ ನಾಯಕ ವಿಷ್ಣುವರ್ಧನ್, ಗಿಡ್ಡ ದ್ವಾರಕೀಶ್ ಅಕ್ಕಪಕ್ಕ ನಿಂತರೇ ಅರ್ಧ ನಗೆ. ಮಾತಿಗೆ ಮಾತು ಕೊಡುವ ಚುರುಕು ಉಳಿದರ್ಧ. ‘ಕುಳ್ಳ’ ಎಂಬುದನ್ನು ದ್ವಾರಕೀಶ್ ತಾವೇ ಬಿರುದಿನಂತೆ ಹೊತ್ತದ್ದರಿಂದ ಅದರಲ್ಲಿ ಕಹಿಯಿಲ್ಲ. ವಿಷ್ಣುವರ್ಧನ್ 2009ರಲ್ಲಿ, ದ್ವಾರಕೀಶ್ 2024ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ಗೆಳೆತನದ ಹಾಸ್ಯಕ್ಕೆ ಈ ಜೋಡಿಯೇ ಇನ್ನೂ ಅಳತೆಗೋಲು.