ಮಿಕ್ಕಿಯ ಕಿವಿ ಯಾವ ಕಡೆಗಿದೆ?

ಮಿಕ್ಕಿ ಮೌಸ್‌ನ ಯಾವುದಾದರೂ ಹಳೆಯ ಕಾರ್ಟೂನ್ ಚಿತ್ರವನ್ನು ನೋಡುವಾಗ ಅದರ ಕಿವಿಗಳ ಮೇಲೆ ಕಣ್ಣಿಡಿ. ಇಲಿರಾಯ ನಮ್ಮತ್ತ ಮುಖ ಮಾಡಿ ನಿಂತಾಗ ತಲೆಯ ಮೇಲೆ ಎರಡು ಕಪ್ಪು ವೃತ್ತಗಳು ಕಾಣುತ್ತವೆ. ಅದು ಸರಿಯೇ. ಆತ ಪಕ್ಕಕ್ಕೆ ತಿರುಗಿದರೆ? ಆಗಲೂ ಎರಡು ಕಪ್ಪು ವೃತ್ತಗಳೇ. ಕಿವಿ ತಟ್ಟೆಯಂತೆ ಚಪ್ಪಟೆಯಾಗಿದ್ದರೆ ಪಕ್ಕದಿಂದ ಅದರ ಅಂಚಷ್ಟೇ ಕಾಣಬೇಕಿತ್ತು. ಚೆಂಡಿನಂತೆ ಗುಂಡಗಿದ್ದರೆ ಒಂದು ಇನ್ನೊಂದರ ಹಿಂದೆ ಮರೆಯಾಗಬೇಕಿತ್ತು. ಎರಡೂ ಆಗುವುದಿಲ್ಲ. 1928ರಲ್ಲಿ ಅಬ್ ಐವರ್ಕ್ಸ್ ಎಂಬ ಚಿತ್ರಕಾರ ವೃತ್ತಗಳನ್ನು ಜೋಡಿಸಿ ಈ ಇಲಿಯನ್ನು ರೂಪಿಸಿದ. ಅದರ ಕಿವಿಗಳು ಇಲಿಯ ತಲೆಗಿಂತ ಹೆಚ್ಚಾಗಿ ನೋಡುವವನ ಕಣ್ಣಿಗೆ ಅಂಟಿಕೊಂಡಿವೆ ಎನ್ನಬೇಕು. ಕಾಗದದ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಅಂಥ ಕಿವಿಯನ್ನು ಜಗತ್ತಿನ ಯಾವ ದರ್ಜಿಯೂ, ಯಾವ ಶಿಲ್ಪಿಯೂ ಮಾಡಿಕೊಡಲಾರ.

ಡಿಸ್ನಿ ಸಂಸ್ಥೆಯ ಮನರಂಜನಾ ಉದ್ಯಾನಗಳಲ್ಲಿ ಓಡಾಡುವ ವೇಷಧಾರಿಗಳನ್ನು ಕಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: ಇವರು ಸಿನಿಮಾದಲ್ಲಿದ್ದಂತೆಯೇ ಇದ್ದಾರೆಯೆ? ಮಿಕ್ಕಿಯ ಕಿವಿಯೊಂದೇ ಸಾಕು, ಇಲ್ಲ ಎಂದು ಉತ್ತರಿಸಲು. ಉದ್ಯಾನದ ಮಿಕ್ಕಿಯ ಕಿವಿಗಳು ತಲೆಗೆ ಭದ್ರವಾಗಿ ಜೋಡಿಸಿದ ಎರಡು ಬಿಲ್ಲೆಗಳು. ಆತ ಪಕ್ಕಕ್ಕೆ ತಿರುಗಿದರೆ ಅವೂ ತಿರುಗುತ್ತವೆ, ತೆಳ್ಳಗಾಗುತ್ತವೆ. ಹೀಗಿದ್ದೂ ಮಕ್ಕಳು ಓಡಿಹೋಗಿ ಅವನನ್ನು ತಬ್ಬಿಕೊಳ್ಳುತ್ತಾರೆ. ಇವನು ಮಿಕ್ಕಿಯಲ್ಲ ಎಂದು ತಕರಾರು ತೆಗೆಯುವ ಮಗು ಅಪರೂಪ. ಹೋಲದಿದ್ದದ್ದು ಹೋಲುವುದು ಹೇಗೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಆರಂಭದಲ್ಲಂತೂ ಹೋಲಿಕೆಯ ಗೊಡವೆಗೆ ಯಾರೂ ಹೋದಂತೆ ಕಾಣುವುದಿಲ್ಲ. 1937ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಕಾರ್ಥೇ ಸರ್ಕಲ್ ಚಿತ್ರಮಂದಿರದಲ್ಲಿ ‘ಸ್ನೋ ವೈಟ್’ ಚಿತ್ರದ ಮೊದಲ ಪ್ರದರ್ಶನ ನಡೆದಾಗ ಮಿಕ್ಕಿ, ಮಿನ್ನಿ, ಡೊನಾಲ್ಡ್ ಡಕ್ ಮತ್ತು ಕುಳ್ಳರ ವೇಷ ತೊಟ್ಟವರು ಅತಿಥಿಗಳನ್ನು ಸ್ವಾಗತಿಸಿದ್ದರು. ಆ ಕಾಲದ ಮಿಕ್ಕಿ ವೇಷಗಳ ಛಾಯಾಚಿತ್ರಗಳು ಉಳಿದಿವೆ. ಅಗಲವಾಗಿ ತೆರೆದ ಬಾಯಿ, ದುರುಗುಟ್ಟುವ ಕಣ್ಣು. ರಾತ್ರಿ ಹೊತ್ತು ಎದುರಾದರೆ ದೊಡ್ಡವರೂ ಎರಡು ಹೆಜ್ಜೆ ಹಿಂದೆ ಸರಿಯಬೇಕು, ಹಾಗಿವೆ.

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗಲೂ ಅಲ್ಲಿ ಸ್ವಂತ ವೇಷಗಳಿರಲಿಲ್ಲ. ಮಂಜುಗಡ್ಡೆಯ ಮೇಲೆ ಜಾರುತ್ತ ನರ್ತಿಸುವ ‘ಐಸ್ ಕೆಪೇಡ್ಸ್’ ಎಂಬ ಪ್ರದರ್ಶನ ತಂಡದ ಬಳಿ ಡಿಸ್ನಿ ಪಾತ್ರಗಳ ಉಡುಪುಗಳಿದ್ದವು. ಅವನ್ನೇ ಎರವಲು ತರಲಾಯಿತು. ಜಾರುವವನಿಗೆ ಎದುರಿಗಿರುವುದು ಸ್ಪಷ್ಟವಾಗಿ ಕಾಣಲೇಬೇಕು, ಇಲ್ಲವಾದರೆ ಬೀಳುತ್ತಾನೆ. ಹೀಗಾಗಿ ಆ ಮುಖವಾಡಗಳಲ್ಲಿ ನೋಡಲು ಅನುಕೂಲವಾಗುವಂತೆ ಜಾಲರಿ ಇತ್ತು. ದೂರದ ಗ್ಯಾಲರಿಯಲ್ಲಿ ಕುಳಿತವರಿಗೆ ಅದು ಬಾಧಕವಲ್ಲ. ಡಿಸ್ನಿಲ್ಯಾಂಡ್‌ನ ರಸ್ತೆಯಲ್ಲಾದರೋ ಮಗು ಒಂದಡಿ ದೂರದಿಂದ ಮುಖವನ್ನೇ ದಿಟ್ಟಿಸುತ್ತದೆ.

ಈ ದೂರದ ಲೆಕ್ಕ ಬಹಳ ಮುಖ್ಯ. 1961ರಲ್ಲಿ ಡಿಸ್ನಿಲ್ಯಾಂಡ್ ತನ್ನ ರಾತ್ರಿಯ ಬಾಣಬಿರುಸಿನ ಪ್ರದರ್ಶನಕ್ಕೆ ‘ಪೀಟರ್ ಪ್ಯಾನ್’ ಚಿತ್ರದ ಪುಟ್ಟ ಕಿನ್ನರಿ ಟಿಂಕರ್ ಬೆಲ್‌ಳನ್ನು ಸೇರಿಸಿಕೊಂಡಿತು. ಮ್ಯಾಟರ್‌ಹಾರ್ನ್ ಎಂಬ ಕೃತಕ ಬೆಟ್ಟದ ತುದಿಯಿಂದ ತಂತಿಯ ಮೇಲೆ ಜಾರಿ ಬರುತ್ತಿದ್ದ ಆ ಕಿನ್ನರಿ ಯಾರೆಂದುಕೊಂಡಿರಿ? ಟೈನಿ ಕ್ಲೈನ್ ಎಂಬ ನಿವೃತ್ತ ಸರ್ಕಸ್ ಕಲಾವಿದೆ. ವಯಸ್ಸು ಎಪ್ಪತ್ತರ ಆಸುಪಾಸು! ಕತ್ತಲು, ಎತ್ತರ, ಮಿನುಗುವ ಬಟ್ಟೆ, ಒಂದು ಪುಟ್ಟ ಆಕೃತಿ: ಇಷ್ಟಿದ್ದರೆ ಉಳಿದದ್ದನ್ನು ನೋಡುವವನ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ನೆಲದ ಮೇಲಿನ ಮಿಕ್ಕಿಗೆ ಈ ಸೌಕರ್ಯವಿಲ್ಲ.

ಸಮಸ್ಯೆ ಮುಖದ್ದಷ್ಟೇ ಅಲ್ಲ, ಅಳತೆಯದೂ ಹೌದು. ಚಿತ್ರಕಲೆಯ ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವ ಪಾಠವೆಂದರೆ, ವಯಸ್ಕ ಮನುಷ್ಯನ ಎತ್ತರ ಅವನ ತಲೆಯ ಸುಮಾರು ಏಳರಿಂದ ಏಳೂವರೆ ಪಟ್ಟು ಎಂಬುದು. ಮಿಕ್ಕಿಯ ಎತ್ತರವಾದರೋ ಅವನ ತಲೆಯ ಮೂರು ಪಟ್ಟಿನಷ್ಟು. ಮನುಷ್ಯನ ತಲೆಯನ್ನು ಒಳಗಿಟ್ಟುಕೊಂಡು ಈ ಪ್ರಮಾಣ ಸಾಧಿಸಬೇಕಾದರೆ ಮುಖವಾಡವನ್ನು ಹಿಗ್ಗಿಸಬೇಕು, ಒಳಗಿರುವವರನ್ನು ಕುಗ್ಗಿಸಬೇಕು. ಅರವತ್ತರ ದಶಕದಲ್ಲಿ ಸಂಸ್ಥೆ ತನ್ನ ಚಿತ್ರಕಾರರನ್ನೇ ಈ ಕೆಲಸಕ್ಕೆ ಹಚ್ಚಿತು. ಚಿಪ್ ಮತ್ತು ಡೇಲ್ ಎಂಬ ಅಳಿಲು ಜೋಡಿಗೆ ತೆರೆಯ ಮೇಲೆ ಜೀವ ತುಂಬಿದ್ದ ಬಿಲ್ ಜಸ್ಟಿಸ್ ವೇಷಗಳನ್ನೂ ಮೆರವಣಿಗೆಗಳನ್ನೂ ರೂಪಿಸತೊಡಗಿದ. ಮಿಕ್ಕಿಯ ಅಧಿಕೃತ ಭಾವಚಿತ್ರಗಳನ್ನು ಬರೆಯುತ್ತಿದ್ದ ಜಾನ್ ಹೆಂಚ್ ಕೂಡ ಕೈಜೋಡಿಸಿದ. ಮಿಕ್ಕಿಯ ಪಾತ್ರಕ್ಕೆ ಐದಡಿಯ ಆಸುಪಾಸಿನ ಗಿಡ್ಡ ದೇಹದವರೇ ಬೇಕು ಎಂದಾಯಿತು. ಮಿಕ್ಕಿಯ ಒಳಗೆ ಇರುವವರಲ್ಲಿ ಅನೇಕರು ಮಹಿಳೆಯರಾಗಿರುವುದಕ್ಕೆ ಇದೇ ಕಾರಣ.

ಕುಳ್ಳರ ವಿಷಯದಲ್ಲಿ ಈ ಉಪಾಯವೂ ಸಾಲದು. ಅವರ ಹಳೆಯ ವೇಷಗಳಲ್ಲಿ ಕಾಣುವ ಜಾಣ್ಮೆ ಸ್ವಾರಸ್ಯವಾಗಿದೆ. ಕುಳ್ಳನ ಮುಖ ವೇಷಧಾರಿಯ ಎದೆಯ ಮಟ್ಟದಲ್ಲಿರುತ್ತಿತ್ತು. ವೇಷಧಾರಿಯ ನಿಜವಾದ ತಲೆ ಕುಳ್ಳನ ಎತ್ತರದ ಟೋಪಿಯೊಳಗೆ. ಅಲ್ಲಿಂದಲೇ ಆತ ಇಣುಕಿ ನೋಡಬೇಕು. ನಮ್ಮ ದಸರಾ ಮೆರವಣಿಗೆಯ ಗಾರುಡಿ ಗೊಂಬೆಯನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅಲ್ಲಿ ಮನುಷ್ಯ ದೊಡ್ಡವನಾಗಬೇಕು, ಆದ್ದರಿಂದ ಗೊಂಬೆಯ ಮುಖ ಮೇಲೆ, ಹೊತ್ತವನ ಕಣ್ಣು ಕೆಳಗಿನ ಕಿಂಡಿಯಲ್ಲಿ. ಇಲ್ಲಿ ಮನುಷ್ಯ ಚಿಕ್ಕವನಾಗಬೇಕು, ಆದ್ದರಿಂದ ಅದೇ ಯುಕ್ತಿ ತಿರುವುಮುರುವು. ನಷ್ಟವಾದದ್ದು ಕೈಗಳು. ಕುಳ್ಳನ ತೋಳುಗಳು ಇರಬೇಕಾದ ಜಾಗದಲ್ಲಿ ವೇಷಧಾರಿಯ ತೋಳುಗಳಿರುವುದಿಲ್ಲವಲ್ಲ. ಹಾಗಾಗಿ ಬಟ್ಟೆ ತುರುಕಿದ ತೋಳುಗಳು ನಿರ್ಜೀವವಾಗಿ ಜೋಲಾಡುತ್ತಿದ್ದವು. ಪ್ರಮಾಣ ಬೇಕೋ ಚಲನೆ ಬೇಕೋ ಎಂಬ ಪ್ರಶ್ನೆ ಬಂದಾಗ ಉದ್ಯಾನಗಳು ಕೊನೆಗೆ ಚಲನೆಯನ್ನೇ ಆರಿಸಿಕೊಂಡವು. ನನ್ನ ದೃಷ್ಟಿಯಲ್ಲಿ ಅದೇ ಸರಿಯಾದ ತೀರ್ಮಾನ. ಕೈ ಬೀಸಲಾರದ, ತಬ್ಬಿಕೊಳ್ಳಲಾರದ ಕುಳ್ಳ ಎಷ್ಟು ಕುಳ್ಳಗಿದ್ದರೇನು?

ಹೀಗೆ ಅಳತೆಯನ್ನು ಒಮ್ಮೆ ಕೈಬಿಟ್ಟ ಮೇಲೆ ಎಲ್ಲವೂ ಸಲೀಸಾಯಿತು. ‘ಟಾಯ್ ಸ್ಟೋರಿ’ ಚಿತ್ರದ ವುಡಿ ಒಬ್ಬ ಹುಡುಗನ ಕಂಕುಳಲ್ಲಿ ಹಿಡಿಸುವ ಆಟಿಕೆ. ಉದ್ಯಾನದಲ್ಲಿ ಆತ ಆರಡಿ ಮೀರಿದ ಆಳು. ಜಿಮಿನಿ ಒಂದು ಜೀರುಂಡೆ. ಉದ್ಯಾನದಲ್ಲಿ ಅದು ಮಕ್ಕಳಿಗಿಂತ ಎತ್ತರ. ಚಿಪ್ ಮತ್ತು ಡೇಲ್ ಹೆಚ್ಚುಕಡಿಮೆ ಮಿಕ್ಕಿಯಷ್ಟೇ ಇದ್ದಾರೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಪ್ಲೂಟೋ ನಾಯಿಯ ಕಥೆ. ಸಿನಿಮಾದಲ್ಲಿ ಅದು ಮಿಕ್ಕಿಯ ಸಾಕುನಾಯಿ, ನಾಲ್ಕು ಕಾಲಿನ ಮೇಲೆ ಓಡಾಡುತ್ತದೆ, ಮಾತಾಡುವುದಿಲ್ಲ. ಉದ್ಯಾನದಲ್ಲಿ ಎರಡೇ ಕಾಲಿನ ಮೇಲೆ ನಿಂತು ಪ್ರವಾಸಿಗರ ಕೈಕುಲುಕುತ್ತದೆ. ಪ್ಲೂಟೋ ಮತ್ತು ಗೂಫಿ ಇಬ್ಬರೂ ನಾಯಿಗಳೇ. ಒಬ್ಬ ಸೇವಕ, ಇನ್ನೊಬ್ಬ ಸ್ನೇಹಿತ. ತೆರೆಯ ಮೇಲೆ ಅವರನ್ನು ಬೇರ್ಪಡಿಸುವ ಮುಖ್ಯ ಗುರುತು ಎಷ್ಟು ಕಾಲಿನ ಮೇಲೆ ನಡೆಯುತ್ತಾರೆ ಎಂಬುದು. ಉದ್ಯಾನ ಆ ಗುರುತನ್ನೇ ಅಳಿಸಿಹಾಕಿತು. ಆದರೂ ಯಾರಿಗೂ ಗೊಂದಲವಾಗಲಿಲ್ಲ.

ಹಾಗಾದರೆ ಬಿಡದೆ ಉಳಿಸಿಕೊಂಡದ್ದು ಯಾವುದನ್ನು? ಕೆಲವು ಗುರುತುಗಳನ್ನು. ಮಿಕ್ಕಿಯ ಕೈಗವಸಿನಲ್ಲಿ ನಾಲ್ಕೇ ಬೆರಳು, ಕಾರ್ಟೂನಿನಲ್ಲಿದ್ದಂತೆ. ಒಳಗಿರುವವರು ತಮ್ಮ ಎರಡು ಬೆರಳುಗಳನ್ನು ಒಂದರಲ್ಲಿ ತೂರಿಸಬೇಕು. ಮಕ್ಕಳ ಪುಸ್ತಕದಲ್ಲಿ ಹಾಕುವ ಹಸ್ತಾಕ್ಷರವನ್ನು ವೇಷಧಾರಿಗಳೆಲ್ಲ ಒಂದೇ ರೀತಿ ಬರುವಂತೆ ಅಭ್ಯಾಸ ಮಾಡುತ್ತಾರೆ. ಒಬ್ಬ ಮಿಕ್ಕಿಯ ಕಣ್ಣಳತೆಯಲ್ಲಿ ಇನ್ನೊಬ್ಬ ಮಿಕ್ಕಿ ಕಾಣಿಸಿಕೊಳ್ಳುವಂತಿಲ್ಲ. ಮುಖವಾಡ ಧರಿಸಿದವರು ಮಾತಾಡುವಂತಿಲ್ಲ. ಈ ಮೌನಕ್ಕೆ ಕಾರಣ ಸರಳ: ಮಿಕ್ಕಿಯ ಕೀಚಲು ದನಿಯನ್ನು ಮೊದಲ ಹಲವು ವರ್ಷ ಸ್ವತಃ ವಾಲ್ಟ್ ಡಿಸ್ನಿಯೇ ಕೊಟ್ಟದ್ದು. ಆ ದನಿ ಎಲ್ಲರ ಕಿವಿಯಲ್ಲಿದೆ. ಮುಖ ಸ್ವಲ್ಪ ತಪ್ಪಿದರೆ ಕಣ್ಣು ಕ್ಷಮಿಸುತ್ತದೆ, ದನಿ ತಪ್ಪಿದರೆ ಕಿವಿ ಕ್ಷಮಿಸುವುದಿಲ್ಲ. ಆದ್ದರಿಂದ ಒಂದೇ ನಗೆಯಲ್ಲಿ ಹೆಪ್ಪುಗಟ್ಟಿದ ಮುಖದ ಹಿಂದೆ ನಿಂತು, ನಾಚಿಕೆ, ಅಳು, ಅಚ್ಚರಿಗಳನ್ನೆಲ್ಲ ಹೆಗಲು, ಸೊಂಟ ಮತ್ತು ಕೈಗಳಿಂದಲೇ ತೋರಿಸಬೇಕು.

ರಾಜಕುಮಾರಿಯರ ವಿಷಯ ಬೇರೆ. ಸ್ನೋ ವೈಟ್, ಸಿಂಡರೆಲ್ಲಾ ಪಾತ್ರಧಾರಿಗಳಿಗೆ ಮುಖವಾಡವಿಲ್ಲ. ಸ್ವಂತ ಮುಖ, ಸ್ವಂತ ಮಾತು. 2013ರ ‘ಫ್ರೋಜನ್’ ಚಿತ್ರದ ಎಲ್ಸಾಳಿಗಿರುವಷ್ಟು ದೊಡ್ಡ ಕಣ್ಣು, ಅಷ್ಟು ಸಣ್ಣ ಮಣಿಕಟ್ಟು ಇರುವ ಹೆಣ್ಣು ಭೂಮಿಯ ಮೇಲೆ ಹುಟ್ಟಿಲ್ಲ. ಆದ್ದರಿಂದ ಇಲ್ಲಿ ಹೋಲಿಕೆಯ ಭಾರವನ್ನೆಲ್ಲ ನೀಲಿ ಉಡುಪು ಮತ್ತು ಎಡಭುಜದ ಮೇಲೆ ಇಳಿಬಿಟ್ಟ ಬಿಳಿಬಂಗಾರದ ಜಡೆ ಹೊರುತ್ತವೆ. ಆ ಜಡೆಯ ಬಗ್ಗೆ ಒಂದು ಮಾತು. ಚಿತ್ರದ ಪ್ರಸಿದ್ಧ ಹಾಡಿನಲ್ಲಿ ಎಲ್ಸಾ ಜಡೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದುಕೊಳ್ಳುವಾಗ ಅದು ಅವಳ ತೋಳಿನ ಒಳಗಿನಿಂದಲೇ ಹಾದುಬರುತ್ತದೆ! ನಿಧಾನವಾಗಿ ನೋಡಿದರಷ್ಟೇ ತಿಳಿಯುತ್ತದೆ. ತಾಳೆ ನೋಡಬೇಕೆಂದು ನಾವು ಇಟ್ಟುಕೊಳ್ಳುವ ಸಿನಿಮಾದ ರೂಪವೇ ಇಂಥ ಸಣ್ಣ ಸಣ್ಣ ಕಣ್ಕಟ್ಟುಗಳ ಮೊತ್ತ.

ಮಾತಾಡದ ಮಿಕ್ಕಿಯನ್ನು ಮಾತಾಡಿಸುವ ಪ್ರಯತ್ನವೂ ನಡೆಯಿತು. 2013ರಿಂದ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ಭೇಟಿಕೋಣೆಯಲ್ಲಿ ಕಣ್ಣು ಮಿಟುಕಿಸುವ, ಬಾಯಿ ಆಡಿಸುವ, ಮೊದಲೇ ಧ್ವನಿಮುದ್ರಿಸಿದ ಮಾತುಗಳಲ್ಲಿ ಉತ್ತರಿಸುವ ಮಿಕ್ಕಿಯನ್ನು ನಿಲ್ಲಿಸಲಾಗಿತ್ತು. ಸಿನಿಮಾಕ್ಕೆ ಇಷ್ಟು ಹತ್ತಿರ ಬಂದ ವೇಷ ಅದುವರೆಗೆ ಇರಲಿಲ್ಲ. 2018ರಲ್ಲಿ ಅದನ್ನು ನಿಲ್ಲಿಸಿ ಮತ್ತೆ ಮೂಕ ಮಿಕ್ಕಿಯನ್ನೇ ಕರೆತಂದರು.

ಇನ್ನೂ ಬೋಧಪ್ರದವಾದದ್ದು ಟೋಕಿಯೊ ಪ್ರಸಂಗ. 2016ರಲ್ಲಿ ಶಾಂಘೈ ಉದ್ಯಾನ ತೆರೆದಾಗ ಮಿಕ್ಕಿ ಮತ್ತು ಮಿನ್ನಿಗೆ ಹೊಸ ಮುಖ ಬಂತು. ಕ್ರಮೇಣ ಉಳಿದ ಉದ್ಯಾನಗಳಿಗೂ ಅದು ಹಬ್ಬಿ, 2019ರ ಮಾರ್ಚ್‌ನಲ್ಲಿ ಟೋಕಿಯೊ ತಲುಪಿತು. ಅಲ್ಲಿನ ಉದ್ಯಾನ 1983ರದು. ಆ ಹೊತ್ತಿಗೆ ಎರಡು ತಲೆಮಾರಿನ ಜಪಾನೀ ಮಕ್ಕಳು ಹಳೆಯ ಮುಖದ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಹೊಸ ಮುಖವನ್ನು ಕಂಡು ಅನೇಕ ಅಭಿಮಾನಿಗಳು ಮುನಿಸಿಕೊಂಡರು. ಇವನು ನಮ್ಮ ಮಿಕ್ಕಿಯಲ್ಲ ಎಂಬುದು ಅವರ ದೂರು. ಅವರು ತಾಳೆ ನೋಡುತ್ತಿದ್ದದ್ದು ಸಿನಿಮಾದೊಂದಿಗಲ್ಲ; ಮನೆಯ ಆಲ್ಬಮ್ಮಿನಲ್ಲಿದ್ದ ಹಳೆಯ ವೇಷದೊಂದಿಗೆ. ನಕಲು ಸಾಕಷ್ಟು ಕಾಲ ಉಳಿದುಬಿಟ್ಟರೆ ಅದೇ ಅಸಲಾಗುತ್ತದೆ. ಹಾಗೆ ನೋಡಿದರೆ ಸಿನಿಮಾದ ಮಿಕ್ಕಿಯೇ ಒಂದು ರೂಪದಲ್ಲಿ ನಿಂತವನಲ್ಲ. 1928ರ ಮಿಕ್ಕಿಗೆ ಬರಿಯ ಕಪ್ಪು ಚುಕ್ಕೆಯ ಕಣ್ಣು. 1940ರ ‘ಫ್ಯಾಂಟೇಸಿಯಾ’ದ ಹೊತ್ತಿಗೆ ಫ್ರೆಡ್ ಮೂರ್ ಎಂಬ ಚಿತ್ರಕಾರನ ಕೈಯಲ್ಲಿ ಅದಕ್ಕೆ ಬಿಳಿಗುಡ್ಡೆ, ಕಣ್ಪಾಪೆ ಮೂಡಿದ್ದವು. ಯಾವ ಮಿಕ್ಕಿಗೆ ನಿಷ್ಠರಾಗಿರಬೇಕು?

ಇಷ್ಟೆಲ್ಲ ಹೇಳಿ, ವೇಷದೊಳಗಿನ ಮನುಷ್ಯನನ್ನು ಮರೆತರೆ ಲೇಖನ ಅರ್ಧವಾಗುತ್ತದೆ. ಸಂಸ್ಥೆಯ ಪರಿಭಾಷೆಯಲ್ಲಿ ಆತ ಮಿಕ್ಕಿಯ ಪಾತ್ರಧಾರಿಯಲ್ಲ, ಮಿಕ್ಕಿಯ ‘ಗೆಳೆಯ’. ಹೋಲಿಕೆಗಾಗಿ ಈ ಗೆಳೆಯರು ತೆತ್ತ ಬೆಲೆಯ ಒಂದು ಉದಾಹರಣೆ ಕೊಂಚ ಮುಜುಗರದ್ದು. ಸಾಧಾರಣ ಒಳಉಡುಪು ವೇಷದೊಳಗೆ ಮುದುರಿ ಹೊರಗೆ ಉಬ್ಬು ಕಾಣುತ್ತದೆಂದು ಫ್ಲೋರಿಡಾದಲ್ಲಿ ಸಂಸ್ಥೆಯೇ ಒಳಉಡುಪನ್ನೂ ಕೊಡುತ್ತಿತ್ತು. ಸಂಜೆ ಅದನ್ನು ಮರಳಿಸಬೇಕು; ಮರುದಿನ ಸಿಗುವುದು ಇನ್ನಾರೋ ತೊಟ್ಟು, ಒಗೆದು ಬಂದದ್ದು. ಬಟ್ಟೆ ಸರಿಯಾಗಿ ಒಗೆದಿರುವುದಿಲ್ಲ, ಹೇನು, ಕಜ್ಜಿ ಹತ್ತುತ್ತಿದೆ ಎಂದು ನೌಕರರು ದೂರಿದರು. 2001ರಲ್ಲಿ ಅವರ ಕಾರ್ಮಿಕ ಸಂಘ ಮಾತುಕತೆ ನಡೆಸಿದ ಮೇಲೆ, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕೊಟ್ಟ ಬಟ್ಟೆಯನ್ನು ಮನೆಗೆ ಒಯ್ದು ತಾವೇ ಒಗೆದುಕೊಳ್ಳುವ ಹಕ್ಕು ದೊರೆಯಿತು. 2004ರ ಫೆಬ್ರವರಿಯಲ್ಲಿ ಅದೇ ಉದ್ಯಾನದಲ್ಲಿ ಪ್ಲೂಟೋ ವೇಷದಲ್ಲಿದ್ದ ನೌಕರನೊಬ್ಬ ಮೆರವಣಿಗೆಯ ರಥದ ಅಡಿಗೆ ಸಿಕ್ಕಿ ಸತ್ತ. ಆ ಸಾವಿಗಾಗಿ ಸಂಸ್ಥೆಯ ಮೇಲೆ ಸರ್ಕಾರಿ ಸುರಕ್ಷತಾ ಇಲಾಖೆ ವಿಧಿಸಿದ ದಂಡ 6,300 ಡಾಲರ್.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಇತರ ಬಹುಪಾಲು ನೌಕರರಿಗೆ ಮೊದಲಿನಿಂದಲೂ ಸಂಘಗಳಿದ್ದರೂ ವೇಷಧಾರಿಗಳಿಗೆ ಮತ್ತು ಮೆರವಣಿಗೆಯ ಕಲಾವಿದರಿಗೆ ಬಹುಕಾಲ ಸಂಘವಿರಲಿಲ್ಲ. ವೇತನ, ಕೆಲಸದ ವೇಳೆ, ಸುರಕ್ಷತೆಗಳ ಬಗ್ಗೆ ಮಾತಾಡಲು ತಮಗೂ ಒಂದು ಸಂಘ ಬೇಕೆಂದು ಅವರು ಕೇಳಿದರು. ಸುಮಾರು 1,700 ಮಂದಿಯ ಪರವಾಗಿ 2024ರ ಮೇ ತಿಂಗಳಲ್ಲಿ ಮತದಾನ ನಡೆಯಿತು. ನಟರ ಸಂಘವಾದ ‘ಆಕ್ಟರ್ಸ್ ಈಕ್ವಿಟಿ’ಯನ್ನು ಸೇರಬೇಕೆಂದವರು 953, ಬೇಡವೆಂದವರು 258.