ಗೀರು ಬೀಳಲ್ಲ ಅಂದ್ರೆ ಒಡೆಯಲ್ಲ ಅಂತಲ್ಲ!

ಹೊಸ ಮೊಬೈಲ್ ಕೊಳ್ಳೋಕೆ ಅಂಗಡಿಗೆ ಹೋಗಿದ್ದೀರಿ ಅಂತಿಟ್ಟುಕೊಳ್ಳಿ. ಕೌಂಟರಿನ ಹುಡುಗ ಜೇಬಿನಿಂದ ಬೀಗದ ಕೈ ತೆಗೆದು ಫೋನಿನ ಗಾಜಿನ ಮೇಲೆ ಪರಪರ ಅಂತ ಗೀಚಿ ತೋರಿಸುತ್ತಾನೆ. ಒಂದು ಗೆರೆಯೂ ಇಲ್ಲ! 'ನೋಡಿ ಮೇಡಂ, ಎಂಥಾ ಗಟ್ಟಿ ಗ್ಲಾಸು. ಏನೂ ಆಗಲ್ಲ' ಅನ್ನುತ್ತಾನೆ. ನೀವೂ ನಂಬಿ, ಸಾವಿರಾರು ರೂಪಾಯಿ ಎಣಿಸಿಕೊಟ್ಟು ಮನೆಗೆ ತರುತ್ತೀರಿ. ವಾರ ಕಳೆಯೋದರೊಳಗೆ ಅದೇ ಫೋನು ಅಡುಗೆಮನೆ ಕಟ್ಟೆಯಿಂದ ಜಾರಿ ಬೀಳುತ್ತದೆ. ಎತ್ತಿ ನೋಡಿದರೆ ಗಾಜಿನ ತುಂಬಾ ಜೇಡರ ಬಲೆ!

'ಮೋಸ ಮಾಡಿದ' ಅಂತ ಸಿಟ್ಟು ಬರೋದು ಸಹಜ. ಆದರೆ ಅವನು ಗೀಚಿ ತೋರಿಸಿದ್ದು ಸುಳ್ಳಲ್ಲ, ಅರ್ಧ ಸತ್ಯ. ಗೀರು ತಡೆಯುವ ಶಕ್ತಿ ಬೇರೆ, ಬಿದ್ದಾಗ ಒಡೆಯದೆ ಉಳಿಯುವ ಶಕ್ತಿ ಬೇರೆ. ಒಂದಿದ್ದ ಕಡೆ ಇನ್ನೊಂದು ಇರಲೇಬೇಕು ಅಂತಿಲ್ಲ. ಎಷ್ಟೋ ಸಲ ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಕಡಿಮೆಯಾಗುತ್ತದೆ. ಇದಿಷ್ಟು ತಿಳಿದುಕೊಂಡರೆ ಫೋನು ಕೊಳ್ಳುವಾಗ, ಗಾರ್ಡ್ ಹಾಕಿಸುವಾಗ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಅನ್ನೋದು ಸುಲಭ.

'ಒಂದು ಗಾಜಿಗೆ ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಕಾ?' ಅನ್ನಬೇಡಿ. ಬ್ಯಾಂಕಿನ ಓಟಿಪಿ, ಹಾಲಿನವರ ದುಡ್ಡು, ಗ್ಯಾಸ್ ಬುಕಿಂಗು, ಮಗುವಿನ ಶಾಲೆಯ ಗ್ರೂಪು, ಊರಲ್ಲಿರುವ ಅಮ್ಮನ ಮುಖ ಎಲ್ಲವೂ ಇವತ್ತು ಆ ಗಾಜಿನ ಹಿಂದೆಯೇ ಇವೆ. ಮನೆಯಲ್ಲೇ ಕುಳಿತು ಉಪ್ಪಿನಕಾಯಿ, ಸೀರೆ, ಕೇಕು ಮಾರುವವರಿಗಂತೂ ಫೋನೇ ಅಂಗಡಿ. ಈಗಿನ ಬಹುತೇಕ ಫೋನುಗಳಲ್ಲಿ ಮೇಲಿನ ಗಾಜು ಮತ್ತು ಅದರಡಿಯ ಡಿಸ್‌ಪ್ಲೇ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಹಾಗಾಗಿ ಗಾಜು ಒಡೆದರೂ ಸಾಮಾನ್ಯವಾಗಿ ಎರಡನ್ನೂ ಬದಲಿಸಬೇಕು. ಫೋನಿನ ಬೆಲೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ಅಡುಗೆಮನೆಯಲ್ಲೇ ಇದೆ ಪಾಠ

ಉಪ್ಪಿನಕಾಯಿಯ ಪಿಂಗಾಣಿ ಜಾಡಿ ಮತ್ತು ಬೇಳೆ ತುಂಬಿಡುವ ಪ್ಲಾಸ್ಟಿಕ್ ಡಬ್ಬಿ ನೆನಪಿಸಿಕೊಳ್ಳಿ. ಡಬ್ಬಿಯನ್ನು ನಾಲ್ಕು ದಿನ ನಾರು ಹಾಕಿ ತಿಕ್ಕಿದರೆ ಮೈತುಂಬಾ ಗೀರು, ಹೊಳಪೇ ಮಾಯ. ಆದರೆ ಕೈಜಾರಿ ಬಿದ್ದರೆ? ಪುಟಿದು ಮೂಲೆ ಸೇರುತ್ತದೆ, ಅಷ್ಟೆ. ಅಜ್ಜಿಯ ಕಾಲದ ಜಾಡಿ ಇಂದಿಗೂ ಮಿರಮಿರ ಮಿಂಚುತ್ತಿರುತ್ತದೆ. ಆದರೆ ಒಂದೇ ಒಂದು ಸಲ ಬಿದ್ದರೆ ಚೂರುಚೂರು.

ಮೆದು ವಸ್ತು ಪೆಟ್ಟು ಬಿದ್ದಾಗ ಬಾಗುತ್ತದೆ, ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬಿರುಸು ವಸ್ತುವಿಗೆ ಬಾಗೋದು ಗೊತ್ತಿಲ್ಲ, ಹಾಗಾಗಿ ಒಡೆಯುತ್ತದೆ. ಇದರಲ್ಲಿ ವಜ್ರಕ್ಕೂ ವಿನಾಯಿತಿ ಇಲ್ಲ. ಏನನ್ನು ಬೇಕಾದರೂ ಗೀಚಬಲ್ಲ ವಜ್ರಕ್ಕೆ ಸುತ್ತಿಗೆಯಿಂದ ಸರಿಯಾಗಿ ಒಂದೇಟು ಕೊಟ್ಟರೆ ಅದೂ ಸೀಳುತ್ತದೆ.

ಬೀಗದ ಕೈ ಅಲ್ಲ, ಮರಳು!

ಯಾವುದು ಯಾವುದನ್ನು ಗೀಚುತ್ತದೆ ಅಂತ ಅಳೆಯಲು ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜ ತಜ್ಞ 1812ರಲ್ಲಿ ಒಂದರಿಂದ ಹತ್ತರವರೆಗಿನ ಅಳತೆಯೊಂದನ್ನು ರೂಪಿಸಿದರು. ಟಾಲ್ಕಂ ಪೌಡರಿನ ಕಲ್ಲಿಗೆ 1, ವಜ್ರಕ್ಕೆ 10. ನಮ್ಮ ಉಗುರು ಸುಮಾರು ಎರಡೂವರೆ, ಚಿನ್ನ ಎರಡೂವರೆಯಿಂದ ಮೂರು. ಫೋನಿನ ಗಾಜಿನ ಮೇಲೆ ಗೀರು ಕಾಣತೊಡಗುವುದು ಸಾಮಾನ್ಯವಾಗಿ ಆರರ ಆಸುಪಾಸಿನಲ್ಲಿ. ಹಿತ್ತಾಳೆ ಬೀಗದ ಕೈ, ನಾಣ್ಯ, ಚಿನ್ನದ ಬಳೆ ಎಲ್ಲ ಇದಕ್ಕಿಂತ ಮೆದು. ಅಂಗಡಿ ಹುಡುಗನ ಗುಟ್ಟು ಇಷ್ಟೇ!

ಹಾಗಾದರೆ ಗೀರು ಎಲ್ಲಿಂದ ಬರುತ್ತೆ? ಮರಳಿನಿಂದ. ಮರಳಿನಲ್ಲಿ, ರಸ್ತೆಯ ದೂಳಿನಲ್ಲಿ ಇರುವ ಬೆಣಚುಕಲ್ಲಿನ ಕಣಕ್ಕೆ 7ರ ಗಟ್ಟಿತನ. ಹ್ಯಾಂಡ್‌ಬ್ಯಾಗಿನ ತಳದಲ್ಲಿ ಬಾಚಣಿಗೆ, ಚಿಲ್ಲರೆ, ಬಸ್ ಟಿಕೆಟ್ ಜೊತೆ ಸೇರಿಕೊಂಡ ನಾಲ್ಕು ಕಾಳು ಮರಳು ಇದೆಯಲ್ಲ, ಅದೇ ನಿಜವಾದ ಕಳ್ಳ. ಸೆರಗಿನ ತುದಿಯಿಂದ ಫೋನ್ ಒರೆಸುವಾಗ ಗೀಚುವುದು ಸೆರಗಲ್ಲ, ನಡುವೆ ಸಿಕ್ಕಿಕೊಂಡ ದೂಳು.

ಇನ್ನೊಂದು ವಿಷಯ ಹೆಂಗಸರಿಗೇ ಹೇಳಬೇಕಾದ್ದು. ವಜ್ರದ ಓಲೆ, ಮೂಗುಬೊಟ್ಟು, ಉಂಗುರ ಹಾಕುತ್ತೀರಾ? ವಜ್ರ 10, ಕೆಂಪು ಮತ್ತು ನೀಲ 9, ಅಮೆರಿಕನ್ ಡೈಮಂಡ್ ಎಂಟಕ್ಕೂ ಮೇಲೆ. ಇವೆಲ್ಲ ಫೋನಿನ ಗಾಜನ್ನು ಆರಾಮವಾಗಿ ಗೀಚುತ್ತವೆ. ಫೋನು ಕಿವಿಗೆ ಒತ್ತಿ ಮಾತಾಡುವಾಗ, ಉಂಗುರದ ಹರಳು ಒಳಮುಖ ತಿರುಗಿದ್ದಾಗ ಹುಷಾರು. ಮುತ್ತು, ಹವಳದ ಚಿಂತೆ ಬೇಡ, ಅವು ಗಾಜಿಗಿಂತ ಮೆದು. ಗಾಜೇ ಅವನ್ನು ಸವೆಸೀತು!

ಗಾಜಿಗೆ ಉಪ್ಪಿನ ಸ್ನಾನ

2007ರ ಜನವರಿಯಲ್ಲಿ ಮೊದಲ ಐಫೋನನ್ನು ಜಗತ್ತಿಗೆ ತೋರಿಸಿದಾಗ ಅದರ ಪರದೆಯ ಮೇಲ್ಮೈ ಪ್ಲಾಸ್ಟಿಕ್ಕಿನದು. ಜೂನ್ ಕೊನೆಗೆ ಮಾರಾಟ ಶುರುವಾಗುವ ಹೊತ್ತಿಗೆ ಆಪಲ್ ಕಂಪನಿ ಅದನ್ನು ಗಾಜಿಗೆ ಬದಲಿಸಿತ್ತು. ಕಾರಣ, ಗೀರು. ಪ್ಲಾಸ್ಟಿಕ್ ಒಡೆಯುವುದು ಕಡಿಮೆ, ಆದರೆ ಜೇಬಿನಲ್ಲಿಟ್ಟು ತೆಗೆದರೆ ಸಾಕು ಮಾಸುತ್ತದೆ. ಅಮೆರಿಕದ ಕಾರ್ನಿಂಗ್ ಕಂಪನಿಯ 'ಗೊರಿಲ್ಲಾ ಗ್ಲಾಸ್' ಮನೆಮಾತಾಗಿದ್ದು ಆಮೇಲೆ.

ಇದು ಕಿಟಕಿಯ ಮಾಮೂಲಿ ಗಾಜಲ್ಲ. ಸುಮಾರು 400 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಗಾಜನ್ನು ಅದ್ದಿಡುತ್ತಾರೆ. ಆಗ ಗಾಜಿನ ಮೇಲ್ಪದರದಲ್ಲಿರುವ ಸಣ್ಣ ಸೋಡಿಯಂ ಕಣಗಳು ಹೊರಬಂದು, ಅವುಗಳ ಜಾಗದಲ್ಲಿ ದಪ್ಪನೆಯ ಪೊಟ್ಯಾಸಿಯಂ ಕಣಗಳು ಕೂರುತ್ತವೆ. ಬಸ್ಸಿನ ಮೂರು ಜನರ ಸೀಟಿನಿಂದ ಮೂವರು ಸಣಕಲರು ಎದ್ದು, ಮೂವರು ದಢೂತಿಗಳು ಕೂತ ಹಾಗೆ! ಒಬ್ಬರನ್ನೊಬ್ಬರು ಒತ್ತಿಕೊಂಡು ಬಿಗಿಯಾಗಿ ಕೂತವರ ನಡುವೆ ಸಂದು ಬಿಡಿಸುವುದು ಕಷ್ಟ. ಬಿರುಕಿಗೂ ಹಾಗೆಯೇ, ಬಾಯಿ ತೆರೆಯಲು ಜಾಗ ಸಿಗೋದಿಲ್ಲ. ಆದರೆ ಈ ಬಿಗಿ ಪದರ ಬಲು ತೆಳು. ಚೂಪಾದ ಕಲ್ಲೊಂದು ಅದನ್ನು ದಾಟಿ ಒಳಹೊಕ್ಕರೆ ಕಥೆ ಮುಗಿಯಿತು. ನಯವಾದ ಟೈಲ್ಸ್ ಮೇಲೆ ಬಿದ್ದು ಬಚಾವಾದ ಫೋನು, ಗೇಟಿನಾಚೆ ಜಲ್ಲಿಯ ಮೇಲೆ ಅಷ್ಟೇ ಎತ್ತರದಿಂದ ಬಿದ್ದು ಒಡೆಯುವುದು ಇದಕ್ಕೇ.

ಕಂಪನಿಗಳದ್ದೂ ಉಯ್ಯಾಲೆ

ಈ ಎರಡು ಗುಣಗಳ ನಡುವೆ ಕಂಪನಿಗಳೂ ಜೀಕುತ್ತಲೇ ಬಂದಿವೆ. 2013ರ ಗೊರಿಲ್ಲಾ ಗ್ಲಾಸ್ 3 ಗೀರಿನ ಮೇಲೆ ಗಮನ ಕೊಟ್ಟಿತು. 2014ರ ನಾಲ್ಕನೆಯದರಲ್ಲಿ ಬೀಳುವುದರ ಮೇಲೆ ಕಣ್ಣು. 2016ರ ಐದನೆಯದು 1.6 ಮೀಟರ್ ಎತ್ತರದಿಂದ, ಅಂದರೆ ಸೆಲ್ಫಿ ತೆಗೆಯುವ ಎತ್ತರದಿಂದ, ಒರಟು ನೆಲದ ಮೇಲೆ ಮುಖ ಅಡಿಯಾಗಿ ಬಿದ್ದರೂ ನೂರಕ್ಕೆ ಎಂಬತ್ತು ಸಲದವರೆಗೆ ಉಳಿಯುತ್ತದೆ ಅಂತ ಕಂಪನಿ ಹೇಳಿಕೊಂಡಿತು. ಗೀರು, ಬೀಳುವಿಕೆ ಎರಡರಲ್ಲೂ ಒಟ್ಟಿಗೆ ಸುಧಾರಣೆ ಎಂದು ದೊಡ್ಡದಾಗಿ ಸಾರಿದ್ದು 2020ರ 'ವಿಕ್ಟಸ್' ಬಂದಾಗ. ಇವೆಲ್ಲ ಕಂಪನಿಯದೇ ಪ್ರಯೋಗಾಲಯದ ಲೆಕ್ಕ ಅನ್ನೋದು ನೆನಪಿರಲಿ.

ಪೂರ್ತಿ ಒಂದೇ ಕಡೆ ವಾಲಿದರೆ ಏನಾಗುತ್ತೆ? 2015ರಲ್ಲಿ ಬಂದ ಮೊಟೊ ಎಕ್ಸ್ ಫೋರ್ಸ್ ನೋಡಿ. ಗಾಜಿನ ಬದಲು ಪ್ಲಾಸ್ಟಿಕ್ ಪದರಗಳ ಪರದೆ. ಬಿದ್ದು ಒಡೆದರೆ ನಾಲ್ಕು ವರ್ಷ ಜವಾಬ್ದಾರಿ ತಮ್ಮದು ಅಂದಿತು ಕಂಪನಿ. ಆದರೆ ಗೀರಿಗೆ ಮಾತ್ರ ಆ ಖಾತರಿ ಇರಲಿಲ್ಲ! ಈಗಿನ ಮಡಚುವ ಫೋನುಗಳದ್ದೂ ಅದೇ ಹಾಡು. ಒಳಪರದೆ ಬಾಗಬೇಕಾದ್ದರಿಂದ ಮೇಲ್ಪದರ ಮೆತ್ತನೆಯ ಪ್ಲಾಸ್ಟಿಕ್. ಉಗುರು ಊರಿದರೂ ಗುರುತು ಬೀಳಬಹುದು.

ಗೀರೇ ಬಿರುಕಿಗೆ ಬೀಜ

ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಅನ್ನಬೇಡಿ. ಗಾಜಿನ ಅಂಗಡಿಯಲ್ಲಿ ಕನ್ನಡಿ ಕತ್ತರಿಸೋದು ನೋಡಿದ್ದೀರಾ? ಗರಗಸ ಹಾಕೋದಿಲ್ಲ. ಕಟರಿನಿಂದ ಒಂದು ಗೆರೆ ಎಳೆದು, ಎರಡೂ ಕಡೆ ಹಿಡಿದು ಮೆಲ್ಲಗೆ ಬಗ್ಗಿಸಿದರೆ ಟಕ್ಕಂತ ಆ ಗೆರೆಯಲ್ಲೇ ಒಡೆಯುತ್ತದೆ. ಫೋನಿನಲ್ಲೂ ಆಗೋದು ಇದೇ. ಕೂದಲೆಳೆಯಂಥ ಮೇಲುಮೇಲಿನ ಗೀರು ಬರೀ ಕಣ್ಣಿಗೆ ಕಿರಿಕಿರಿ. ಆದರೆ ಉಗುರು ಆಡಿಸಿದರೆ ತಡೆಯುವಷ್ಟು ಆಳದ ಗೀರು, ಅದರಲ್ಲೂ ಅಂಚಿನ ಹತ್ತಿರದ್ದು, ಮುಂದಿನ ಸಲ ಬಿದ್ದಾಗ ಬಿರುಕು ಅಲ್ಲಿಂದಲೇ ಶುರುವಾಗಲು ದಾರಿ. 'ಹತ್ತು ಸಲ ಬಿದ್ದಿತ್ತು, ಏನೂ ಆಗಿರಲಿಲ್ಲ. ಈ ಸಲ ಮಂಚದಿಂದ ಬಿದ್ದದ್ದಕ್ಕೇ ಹೋಯ್ತು' ಅನ್ನುತ್ತೇವಲ್ಲ, ಹಿಂದಿನ ಪೆಟ್ಟುಗಳ ಸಾಲ ಅವತ್ತು ತೀರಿದ್ದು!

ನಿಮ್ಮ ಶತ್ರು ಯಾರು?

ಮೊದಲು ನಿಮ್ಮ ದಿನಚರಿ ನೋಡಿಕೊಳ್ಳಿ. ಬಸ್ಸಿನಲ್ಲಿ ಓಡಾಟ, ಹೊಲ, ತೋಟ, ಕಟ್ಟಡದ ಕೆಲಸ, ಸಮುದ್ರದ ದಂಡೆ, ಎಲ್ಲಕ್ಕೂ ಒಂದೇ ಬ್ಯಾಗು ಅನ್ನುವವರಿಗೆ ಗೀರು ಶತ್ರು. ಫೋನಿಗೆ ಮುಟ್ಟಿದರೆ ಗೀರಾಗುವ ಜಾಗಕ್ಕೆ ಒಂದು ಗಾರ್ಡ್ ಬೇಕೇ ಬೇಕು.

ಮನೆಯಲ್ಲಿ ಪುಟ್ಟ ಮಗು ಇದೆ, ಒದ್ದೆ ಕೈಯಲ್ಲೇ ಫೋನ್ ಎತ್ತುತ್ತೀರಿ, ಸ್ಕೂಟರ್ ಮೇಲೆ ಮ್ಯಾಪ್ ನೋಡುತ್ತೀರಿ, ಅಮ್ಮನೋ ಅತ್ತೆಯೋ ನಡುಗುವ ಕೈಯಲ್ಲಿ ಹಿಡಿಯುತ್ತಾರೆ ಅಂದರೆ ನೆಲವೇ ಶತ್ರು. ಅಲ್ಲಿ ಗಾರ್ಡಿಗಿಂತ ಮೊದಲು ಒಳ್ಳೆಯ ಕವರ್. ಫೋನು ಹೆಚ್ಚಾಗಿ ಮೂಲೆ, ಅಂಚಿನ ಮೇಲೇ ಬೀಳುತ್ತದೆ. ಅಷ್ಟೂ ಪೆಟ್ಟು ಚೂರು ಜಾಗದಲ್ಲಿ ಸೇರುತ್ತದೆ. ಗಾಜು ಬಲಹೀನವಾಗಿರೋದೂ ಅಂಚಿನಲ್ಲೇ. ಪರದೆಯ ಮೇಲೆ ಅಂಟಿಸಿದ ಗಾರ್ಡು ಅಂಚನ್ನು ಕಾಯೋದಿಲ್ಲ. ಹೊಸ ಫೋನೇ ಕೊಳ್ಳುವುದಾದರೆ ಅಂಚು ಬಾಗಿದ ಪರದೆಗಿಂತ ಚಪ್ಪಟೆ ಪರದೆಯದ್ದು ವಾಸಿ. ಗಾರ್ಡೂ ಸರಿಯಾಗಿ ಕೂರುತ್ತೆ, ಅಂಚೂ ಕವರಿನೊಳಗೆ ಅಡಗುತ್ತೆ.

'9ಎಚ್' ಅಂದ್ರೆ ವಜ್ರಕ್ಕೆ ಹತ್ತಿರವಾ?

ಗಾರ್ಡಿನ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ '9ಎಚ್' ಅಂತ ಇರುತ್ತದೆ. ಮೋಸ್ ಅಳತೆಯ 9ಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಪೆನ್ಸಿಲ್ ಪರೀಕ್ಷೆ. ಡ್ರಾಯಿಂಗ್ ಪೆನ್ಸಿಲ್‌ಗಳಲ್ಲಿ ತೀರಾ ಗಟ್ಟಿಯಾದ 9ಎಚ್ ಪೆನ್ಸಿಲ್ ಗೀಚಿದರೂ ಗುರುತು ಬೀಳೋದಿಲ್ಲ ಅಂತಷ್ಟೇ ಅರ್ಥ. ಮರಳು ಪೆನ್ಸಿಲ್ಲಿಗಿಂತ ಎಷ್ಟೋ ಗಟ್ಟಿ. ಹಾಗಾಗಿ ಆ ಅಕ್ಷರ ನೋಡಿ ಹೆಚ್ಚು ದುಡ್ಡು ಕೊಡಬೇಡಿ.

ಟೆಂಪರ್ಡ್ ಗ್ಲಾಸ್ ಗಾರ್ಡಿನ ಕೆಲಸ ನಿಮ್ಮ ಗಾಜಿಗೆ ಬದಲಾಗಿ ತಾನು ಗೀರು ತಿನ್ನೋದು, ಆದರೆ ತಾನೇ ಒಡೆಯೋದು. ಅದು ಒಡೆದರೆ 'ಕಳಪೆ ಮಾಲು' ಅಂತ ಬೈಯಬೇಡಿ, ಕೆಲಸ ಮಾಡಿದೆ ಅಂದುಕೊಂಡು ಬದಲಿಸಿ. ಮೆತ್ತನೆಯ ಪ್ಲಾಸ್ಟಿಕ್ ಫಿಲ್ಮ್ ಒಡೆಯೋದಿಲ್ಲ, ಸಣ್ಣಪುಟ್ಟ ಗೀರನ್ನೂ ತಡೆಯುತ್ತೆ. ಆದರೆ ಬೇಗ ಮಾಸುತ್ತೆ, ಬಿದ್ದಾಗ ಹೆಚ್ಚು ಸಹಾಯ ಮಾಡಲ್ಲ.

ಇಷ್ಟು ಮಾಡಿ, ಸಾಕು

* ಅಂಚು ಪರದೆಗಿಂತ ತುಸು ಎತ್ತರವಿರುವ, ಮೂಲೆಗಳಲ್ಲಿ ದಪ್ಪಗಿರುವ ಮೆತ್ತನೆಯ ಕವರ್ ಕೊಳ್ಳಿ. ಫೋನು ಬೋರಲು ಹಾಕಿದಾಗ ಗಾಜು ಮೇಜಿಗೆ ತಾಗಬಾರದು. ಅದೇ ಪರೀಕ್ಷೆ.

* ಬ್ಯಾಗಿನಲ್ಲಿ ಫೋನಿಗೆ ಬೇರೆ ಜೇಬು ಇರಲಿ. ತಿಂಗಳಿಗೊಮ್ಮೆ ಬ್ಯಾಗನ್ನು ತಲೆಕೆಳಗೆ ಮಾಡಿ ಕೊಡವಿ.

* ಒರೆಸುವ ಮೊದಲು ದೂಳು ಊದಿ. ಆಮೇಲೆ ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆಯಿಂದ ಒರೆಸಿ.

* ಗೀರು ಹೋಗಲೆಂದು ಟೂತ್‌ಪೇಸ್ಟ್, ಅಡುಗೆ ಸೋಡ ತಿಕ್ಕಬೇಡಿ. ಗೀರು ಹೋಗಲ್ಲ, ಬೆರಳ ಜಿಡ್ಡು ಅಂಟದಂತೆ ಗಾಜಿಗೆ ಹಚ್ಚಿರುವ ಲೇಪನ ಮಾತ್ರ ಹೋಗುತ್ತೆ. ನೇಲ್‌ಪಾಲಿಶ್ ರಿಮೂವರ್ ಕೂಡ ಬೇಡ.

* ದ್ರವದ ಅಂಟು ಹಾಕಿ ಕೂರಿಸುವ ಗಾರ್ಡ್ ಆದರೆ ಎಚ್ಚರ. ಅಂಟು ಸ್ಪೀಕರಿನೊಳಗೆ ಇಳಿಯಬಹುದು.

* ಮಾಮೂಲಿ ವಾರಂಟಿಯಲ್ಲಿ ಬಿದ್ದು ಒಡೆದದ್ದು ಸೇರೋದಿಲ್ಲ. ವಿಮೆ ಮಾಡಿಸುವುದಾದರೆ ಸ್ಕ್ರೀನ್ ಒಡೆದರೆ ನೀವು ಎಷ್ಟು ಕಟ್ಟಬೇಕು, ಗೀರಿಗೆ ಪರಿಹಾರ ಉಂಟಾ ಎಂದು ಮೊದಲೇ ಕೇಳಿ.

ಒಡೆದೇ ಹೋದರೆ?

ಬಿರುಕು ಬಿಟ್ಟ ಗಾಜಿನ ಮೇಲೆ ಬರಿಬೆರಳು ಆಡಿಸಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಅಗಲವಾದ ಪಾರದರ್ಶಕ ಟೇಪ್ ಅಂಟಿಸಿ. ನೀರು ತಾಗಿಸಬೇಡಿ, ಬಿರುಕಿನ ಮೂಲಕ ಒಳಗಿಳಿಯುತ್ತೆ. ಟಚ್ ಕೆಲಸ ಮಾಡುತ್ತಿರುವಾಗಲೇ ಫೋಟೊ, ಫೋನ್ ನಂಬರು, ಲೆಕ್ಕಪತ್ರಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಇವತ್ತು ಸಣ್ಣ ಬಿರುಕು, ನಾಳೆ ಪರದೆ ಪೂರ್ತಿ ಕಪ್ಪಾಗಬಹುದು. ಆಗ ಫೋನಿನೊಳಗೆ ಎಲ್ಲ ಇದ್ದರೂ ಕೈಗೆ ಏನೂ ಸಿಗೋದಿಲ್ಲ. ಗಾಜಿಗೆ ಬದಲಿ ಗಾಜು ಸಿಗುತ್ತೆ, ಮಗುವಿನ ಮೊದಲ ಹೆಜ್ಜೆಯ ವಿಡಿಯೊಗೆ ಬದಲಿ ಇಲ್ಲ. ಅದನ್ನು ಉಳಿಸಿಕೊಳ್ಳುವ ಕೆಲಸ ಫೋನು ಬೀಳುವವರೆಗೆ ಕಾಯದೆ, ಇವತ್ತೇ ಮಾಡಿಬಿಡಿ.